ಕಟ್ಟಿಗೆ ಬಾಯ್ಲರ್‌ಗೆ ಪೈಪ್ ಹಾಕಿಸುವಾಗ: ಮೊದಲು ಉಗಿಗೆ ದಾರಿ, ಆಮೇಲೆ ನೀರಿಗೆ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಮಾಳಿಗೆ ಮೇಲಿನ ಸೋಲಾರ್‌ನಿಂದ ದಿನಗಟ್ಟಲೆ ಬಿಸಿನೀರು ಬರೋದಿಲ್ಲ. ಕರೆಂಟ್ ಗೀಸರ್ ಹಾಕಿದರೆ ಬಿಲ್ ಏರುತ್ತದೆ. ಹಾಗಾಗಿ ಹುಬ್ಬಳ್ಳಿ-ಧಾರವಾಡದ ಹೊರಗಿನ ಬಡಾವಣೆಗಳಲ್ಲಿ, ಗದಗ ಮತ್ತು ಹಾವೇರಿಯ ಹಳ್ಳಿಗಳಲ್ಲಿ ಬಚ್ಚಲ ಹಂಡೆ ಇದ್ದ ಜಾಗಕ್ಕೆ ಕಟ್ಟಿಗೆ ಬಾಯ್ಲರ್ ತರುವವರು ಇದ್ದಾರೆ. ಹತ್ತಿ ಕಟ್ಟಿಗೆ, ಒಣಗಿದ ಮೆಣಸಿನ ಗಿಡ, ಕಾಳು ಬಿಡಿಸಿದ ಗೋವಿನಜೋಳದ ತೆನೆ, ಹೀಗೆ ಉರುವಲು ಹೊಲದಿಂದಲೇ ಬರುತ್ತದೆ. ಖರ್ಚು ಕಡಿಮೆ, ನೀರು ಬೇಗ ಕಾಯುತ್ತದೆ. ಒಳ್ಳೆಯ ಏರ್ಪಾಡೇ.

ಆದರೆ ಹಂಡೆಗೂ ಬಾಯ್ಲರ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಂಡೆಗೆ ಬಾಯಿ ಇತ್ತು. ಎಷ್ಟೇ ಕುದಿಸಿದರೂ ಉಗಿ ಮೇಲಕ್ಕೆ ಹೋಗುತ್ತಿತ್ತು. ಬಾಯ್ಲರ್ ಮುಚ್ಚಿದ ಪಾತ್ರೆ. ಒಂದು ಲೀಟರ್ ನೀರು ಪೂರ್ತಿ ಉಗಿಯಾದರೆ ಅದಕ್ಕೆ 1,600 ಲೀಟರ್‌ಗಿಂತ ಜಾಸ್ತಿ ಜಾಗ ಬೇಕು. ಆ ಜಾಗ ಸಿಗದಿದ್ದರೆ ತಗಡು ಹರಿಯುತ್ತದೆ. ಗೀಸರ್‌ನಲ್ಲಿ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ. ಕಟ್ಟಿಗೆ ಬೆಂಕಿಗೆ ಸ್ವಿಚ್ ಇಲ್ಲ. ಮನೆಯವರು ಮರೆತು ಇನ್ನೆರಡು ಕಟ್ಟಿಗೆ ಒಟ್ಟಿದರೆ ಅದು ಉರಿಯುತ್ತಲೇ ಇರುತ್ತದೆ.

ಅಮೆರಿಕ, ಯುರೋಪಿನ ಚಳಿ ಊರುಗಳ ಹಳೆಯ ಮನೆಗಳಲ್ಲಿ ಬೇಕಂತಲೇ ಉಗಿ ತಯಾರಿಸಿ ಕೋಣೆ ಕಾಯಿಸುವ ಬಾಯ್ಲರ್ ಇರುತ್ತವೆ. ಅವುಗಳಿಗೆ ಒತ್ತಡದ ಮೀಟರ್, ಸೇಫ್ಟಿ ವಾಲ್ವ್, ನೀರಿನ ಮಟ್ಟ ತೋರಿಸುವ ಗಾಜು, ಎಲ್ಲ ಇರುತ್ತವೆ. ನಮ್ಮ ದೇಶದಲ್ಲೂ ಒತ್ತಡದ ಉಗಿ ಬಾಯ್ಲರ್‌ಗಳಿಗೆ ಬೇರೆಯೇ ಕಾನೂನಿದೆ. 1923ರ ಕಾಯ್ದೆ ಇತ್ತು, ಅದರ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ನಮ್ಮ ಬಚ್ಚಲ ಬಾಯ್ಲರ್ ಆ ಜಾತಿಯದಲ್ಲ. ಅದು ಬರೀ ನೀರು ಕಾಯಿಸಬೇಕು. ಅದು ಎಂದೂ ಒತ್ತಡದ ಉಗಿ ಬಾಯ್ಲರ್ ಆಗದ ಹಾಗೆ ನೋಡಿಕೊಳ್ಳುವುದೇ ಪೈಪ್ ಕೆಲಸದ ಮೊದಲ ಉದ್ದೇಶ. ನಳದಲ್ಲಿ ಬಿಸಿನೀರು ಬರೋದು ಎರಡನೆಯದು.

ಜಾಗ ಮತ್ತು ಎತ್ತರ

ಬಾಯ್ಲರನ್ನು ಬಚ್ಚಲಿನ ಒಳಗೆ ಇಡಬೇಡಿ. ಹಿತ್ತಲಲ್ಲಿ, ಇಲ್ಲವೇ ಎರಡು ಕಡೆ ಗಾಳಿ ಆಡುವ ಪಡಸಾಲೆಯಲ್ಲಿ ಇಡಿ. ಅರ್ಧಂಬರ್ಧ ಉರಿದ ಕಟ್ಟಿಗೆಯಿಂದ ಕಾರ್ಬನ್ ಮೋನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿಗೆ ಗೊತ್ತೇ ಆಗದ ಹಾಗೆ ಎಚ್ಚರ ತಪ್ಪುತ್ತದೆ. ಹೊಗೆ ಕೊಳವೆ ಮಾಳಿಗೆಯಿಂದ ಮೇಲೆ ಹೋಗಲಿ, ಕಿಟಕಿ ಹತ್ತಿರ ಬಾಯಿ ಬಿಡದಿರಲಿ.

ಹೊರಗೆ ಅಂದಮಾತ್ರಕ್ಕೆ ದೂರ ಇಡಬೇಕಿಲ್ಲ. ಬಚ್ಚಲ ಗೋಡೆಯ ಆಚೆ ಬದಿಗೇ ಇದ್ದರೆ ಅತ್ಯುತ್ತಮ. ಮುಕ್ಕಾಲು ಇಂಚಿನ ಪೈಪ್ ಒಂದು ಮೀಟರ್‌ಗೆ ಸುಮಾರು 0.3 ಲೀಟರ್ ನೀರು ಹಿಡಿಯುತ್ತದೆ. ಬಾಯ್ಲರ್ 15 ಮೀಟರ್ ದೂರ ಇದ್ದರೆ ಪ್ರತಿ ಸಲ ಸುಮಾರು 4.5 ಲೀಟರ್ ತಣ್ಣೀರು ಬಿಟ್ಟ ಮೇಲೆಯೇ ಬಿಸಿನೀರು ಮುಖ ತೋರಿಸುತ್ತದೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಅಷ್ಟು ನೀರನ್ನು ಸುಮ್ನೆ ಬಿಡೋದು ನೋವಿನ ಸಂಗತಿ.

ನೀರು ಬರೋದು ಮಾಳಿಗೆ ಮೇಲಿನ ಟಾಕಿಯಿಂದ. ಟಾಕಿಯ ತಳ ಬಾಯ್ಲರ್‌ನ ತಲೆಗಿಂತ ಮೇಲಿರಲೇಬೇಕು. ಶವರ್ ಇದ್ದರೆ ಶವರ್‌ಗಿಂತ ಕನಿಷ್ಠ 1 ಮೀಟರ್ ಮೇಲಿರಲಿ, 2 ಮೀಟರ್ ಇದ್ದರೆ ಧಾರೆ ಚೆನ್ನಾಗಿ ಬರುತ್ತದೆ.

ಮುನ್ಸಿಪಾಲಿಟಿ ಲೈನನ್ನು ನೇರವಾಗಿ ಬಾಯ್ಲರ್‌ಗೆ ಜೋಡಿಸಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ 24 ತಾಸು ನೀರು ಬರುವ ವಾರ್ಡ್‌ಗಳಿವೆ. ಅಲ್ಲಿ 'ಟಾಕಿ ಯಾಕೆ, ನೇರ ಕೊಡೋಣ' ಅನ್ನುವ ಮಾತು ಬರುತ್ತದೆ. ಒಪ್ಪಬೇಡಿ. ಆ ಲೈನಿನ ಒತ್ತಡ ನಿಮ್ಮ ಕೈಯಲ್ಲಿಲ್ಲ. 10 ಅಡಿ ಎತ್ತರದ ಟಾಕಿ ಕೊಡುವ ಒತ್ತಡ ಒಂದು ಚದರ ಸೆಂ.ಮೀ.ಗೆ ಸುಮಾರು 0.3 ಕೆ.ಜಿ. ಮಾತ್ರ. ತೆಳು ತಗಡಿನ ಬಾಯ್ಲರ್ ಮಾಡಿರೋದು ಅಂಥ ಒತ್ತಡಕ್ಕೆ. ಪ್ರೆಷರ್ ಪಂಪ್‌ಗೂ ಇದೇ ಮಾತು. ಜೊತೆಗೆ, ನೇರ ಲೈನ್ ಕೊಟ್ಟರೆ ಮುಂದೆ ಹೇಳುವ ಏರ್ ಪೈಪನ್ನು ಬಿಡೋದಕ್ಕೇ ಆಗೋದಿಲ್ಲ, ನೀರು ಅಲ್ಲಿಂದಲೇ ಹೊರಗೆ ಚೆಲ್ಲುತ್ತದೆ.

ಏರ್ ಪೈಪ್

ಇಡೀ ಕೆಲಸದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನೇ ಇಡಿ. ಬಾಯ್ಲರ್‌ನ ತಲೆಯಿಂದ ಹೊರಟು ಮಾಳಿಗೆ ಮೇಲೆ ಗಾಳಿಗೆ ಬಾಯಿ ಬಿಡುವ ಪೈಪ್ ಇರಲೇಬೇಕು. ಅದಕ್ಕೆ ಎಲ್ಲೂ ವಾಲ್ವ್ ಇರಬಾರದು. ಕ್ಯಾಪ್ ಇರಬಾರದು. ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಅದೂ ಇರಬಾರದು. ನಡುವೆ ಕೆಳಗಿಳಿದು ಮತ್ತೆ ಏರಬಾರದು. ಹೊರಟ ಜಾಗದಿಂದ ತುದಿಯವರೆಗೂ ಏರುತ್ತಲೇ ಹೋಗಬೇಕು. ಅಳತೆ ಮುಕ್ಕಾಲು ಇಂಚಿಗಿಂತ ಕಡಿಮೆ ಬೇಡ, ಒಂದು ಇಂಚು ಇದ್ದರೆ ನಿಶ್ಚಿಂತೆ. ಸುಣ್ಣದ ನೀರಿನ ಊರಲ್ಲಿ ಅರ್ಧ ಇಂಚಿನ ಪೈಪ್ ಬೇಗ ಕಟ್ಟಿಕೊಳ್ಳುತ್ತದೆ.

ತುದಿ ಎಷ್ಟು ಎತ್ತರ ಇರಬೇಕು? ಟಾಕಿ ತುಂಬಿದಾಗಿನ ನೀರಿನ ಮಟ್ಟಕ್ಕೆ ಸಮ ಇಟ್ಟರೆ ಸಾಲದು. ಕಾದ ನೀರು ಹಗುರ. ಹಾಗಾಗಿ ಏರ್ ಪೈಪಿನೊಳಗಿನ ಬಿಸಿನೀರು ಟಾಕಿಯ ತಣ್ಣೀರಿಗಿಂತ ಮೇಲೆ ನಿಲ್ಲುತ್ತದೆ. ಲೆಕ್ಕ ಹೀಗಿದೆ: ಬಾಯ್ಲರ್‌ನ ಬುಡದಲ್ಲಿ ತಣ್ಣೀರು ಸೇರುವ ಜಾಗದಿಂದ ಟಾಕಿಯ ತುಂಬಿದ ಮಟ್ಟದವರೆಗೆ ಎಷ್ಟು ಮೀಟರ್ ಇದೆಯೋ, ಪ್ರತಿ ಮೀಟರ್‌ಗೆ 4 ಸೆಂ.ಮೀ. ಹಿಡಿಯಿರಿ, ಅದಕ್ಕೆ 15 ಸೆಂ.ಮೀ. ಕೂಡಿಸಿ. ಒಂದು ಅಂತಸ್ತಿನ ಮನೆಯಲ್ಲಿ ಅದು 6 ಮೀಟರ್ ಇದ್ದರೆ 24 ಮತ್ತು 15, ಅಂದರೆ 39 ಸೆಂ.ಮೀ. ಎರಡು ಅಂತಸ್ತಿನ ಮನೆಯಲ್ಲಿ 10 ಮೀಟರ್ ಆದರೆ 55 ಸೆಂ.ಮೀ. ನಾನು ಹೇಳೋದು, ಸಣ್ಣ ಮನೆಗೂ 2 ಅಡಿ ಬಿಡಿ. ಅರ್ಧ ಅಡಿ ಪೈಪ್‌ಗೆ ಉಳಿತಾಯ ನೋಡುವ ಜಾಗ ಇದಲ್ಲ.

ತುದಿಯನ್ನು ಛತ್ರಿ ಹಿಡಿಕೆಯ ಹಾಗೆ ಕೆಳಮುಖ ಬಗ್ಗಿಸಿ. ಎಲೆ, ಹಕ್ಕಿ ಗೂಡಿನ ಕಡ್ಡಿ ಒಳಗೆ ಬೀಳೋದಿಲ್ಲ. ನೀರು ಅತಿಯಾಗಿ ಕುದ್ದರೆ ಅಲ್ಲಿಂದ ಬಿಸಿನೀರು, ಉಗಿ ಚಿಮ್ಮುತ್ತದೆ. ಆದ್ದರಿಂದ ಬಾಯಿ ಜನ ಓಡಾಡದ ಮೂಲೆಗೆ ತಿರುಗಿರಲಿ. ಹಪ್ಪಳ, ಸಂಡಿಗೆ ಒಣಗಿಸುವ ಜಾಗದ ಕಡೆ ಬೇಡ, ಪ್ಲಾಸ್ಟಿಕ್ ಟಾಕಿಯ ಮೇಲೂ ಬೇಡ.

ಕೆಲವು ಬಾಯ್ಲರ್‌ಗಳಲ್ಲಿ ಮೇಲೆ ಒಂದೇ ತೂತು ಇರುತ್ತದೆ. ಅಲ್ಲಿ ಚಿಕ್ಕ ನಿಪ್ಪಲ್ (ಎರಡೂ ತುದಿಗೆ ಮರೆ ಇರುವ ತುಂಡು ಪೈಪ್) ಹಾಕಿ ಅದರ ಮೇಲೆ ಟೀ (ಮೂರು ಬಾಯಿಯ ಜೋಡಣೆ) ಕೂರಿಸಿ. ನೇರ ಮೇಲಿನ ದಾರಿ ಏರ್ ಪೈಪ್‌ಗೆ, ಪಕ್ಕದ ದಾರಿ ನಳಗಳಿಗೆ. ಉಲ್ಟಾ ಮಾಡಬೇಡಿ. ಉಗಿಗೆ ನೆಟ್ಟಗಿನ ದಾರಿ ಬೇಕು.

'ಏರ್ ಪೈಪ್‌ನಿಂದ ನೀರು ಚೆಲ್ಲುತ್ತದೆ, ಕ್ಯಾಪ್ ಹಾಕಿಬಿಡಿ' ಅಂತ ಯಾರೇ ಹೇಳಲಿ, ಕೈ ಹಿಡಿದು ತಡೆಯಿರಿ. ಚೆಲ್ಲುವುದಕ್ಕೆ ಕಾರಣ ಹುಡುಕಬೇಕು. ತುದಿ ಗಿಡ್ಡ ಆಗಿರಬಹುದು. ಇಲ್ಲವೇ ಬಚ್ಚಲಿನ ತಣ್ಣೀರಿಗೆ ಪ್ರೆಷರ್ ಪಂಪ್ ಇದ್ದು, ಮಿಕ್ಸರ್ ನಳದೊಳಗಿಂದ ಆ ಒತ್ತಡ ಬಿಸಿನೀರಿನ ಲೈನಿಗೆ ನುಗ್ಗಿ ಮಾಳಿಗೆ ಮೇಲೆ ಹೊರಬರುತ್ತಿರಬಹುದು. ಬಾಯ್ಲರ್ ಇರುವ ಬಚ್ಚಲಿಗೆ ತಣ್ಣೀರು, ಬಿಸಿನೀರು ಎರಡೂ ಒಂದೇ ಟಾಕಿಯಿಂದ, ಪಂಪ್ ಇಲ್ಲದೆ ಬರಲಿ. ಆಗ ಈ ತೊಂದರೆ ಇರೋದಿಲ್ಲ.

ತಣ್ಣೀರಿನ ಲೈನ್

ಬಾಯ್ಲರ್‌ಗೆ ಟಾಕಿಯಿಂದ ಬೇರೆಯದೇ ತೂತು, ಬೇರೆಯದೇ ಪೈಪ್ ಬೇಕು. ಅಡುಗೆಮನೆ ಲೈನಿಗೆ ಟೀ ಹೊಡೆದು ಬಾಯ್ಲರ್‌ಗೆ ಕೊಡುವುದು ಸುಲಭ. ಆದರೆ ಟಾಕಿ ಖಾಲಿಯಾದ ದಿನ ಅಂಗಳದ ನಳ ತಿರುವಿದರೆ ಬಾಯ್ಲರ್‌ನೊಳಗಿನ ನೀರು ಹಿಂದಕ್ಕೆ ಹರಿದು ಆ ನಳದಲ್ಲಿ ಸುರಿಯುತ್ತದೆ. ಒಳಗೆ ಬೆಂಕಿ, ಪಾತ್ರೆಯಲ್ಲಿ ನೀರಿಲ್ಲ. ಪ್ರತ್ಯೇಕ ಲೈನ್ ಇದ್ದರೆ ಹೀಗಾಗೋದಿಲ್ಲ. ಟಾಕಿ ಒಣಗಿದರೂ ಬಿಸಿನೀರು ಬಾಯ್ಲರ್‌ನ ತಲೆಯಿಂದ ಹೊರಡುವುದರಿಂದ ನಳ ನಿಲ್ಲುತ್ತದೆ, ಪಾತ್ರೆ ತುಂಬಿಯೇ ಇರುತ್ತದೆ. ಕುದಿದು ಆವಿಯಾಗುವಷ್ಟು ಮಾತ್ರ ಕಡಿಮೆಯಾಗುತ್ತದೆ.

ನಮ್ಮ ಕಡೆ ನೀರು ಯಾವಾಗ ಬರುತ್ತದೋ ಅನ್ನುವ ಮನೆಗಳಿಗೆ ಇನ್ನೊಂದು ಉಪಾಯ. ಬಾಯ್ಲರ್‌ನ ತೂತನ್ನು ಟಾಕಿಯ ತಳದ ಹತ್ತಿರ ಕೊರೆಸಿ. ಅಡುಗೆಮನೆ, ಪಾಯಖಾನೆ, ಹಿತ್ತಲ ಲೈನುಗಳನ್ನು ಅದಕ್ಕಿಂತ ಅರ್ಧ ಅಡಿ ಮೇಲೆ ತೆಗೆಸಿ. ಸಾಮಾನ್ಯ 1,000 ಲೀಟರ್ ಟಾಕಿಯಲ್ಲಿ ಅರ್ಧ ಅಡಿ ಅಂದರೆ ಹತ್ತಿರ ಹತ್ತಿರ 140 ಲೀಟರ್. ಬೇರೆ ನಳ ಎಲ್ಲ ನಿಂತರೂ ಬಾಯ್ಲರ್‌ಗೆ ಇಷ್ಟು ನೀರು ಮೀಸಲು. ಬಚ್ಚಲಿನ ತಣ್ಣೀರಿನ ಲೈನನ್ನು ಮಾತ್ರ ಬಾಯ್ಲರ್ ತೂತಿಗಿಂತ ಒಂದು ಬೆರಳು ಕೆಳಗೆ ಇಡಿಸಿ. ಇಲ್ಲದಿದ್ದರೆ ಮಿಕ್ಸರ್ ಶವರ್ ಕೆಳಗೆ ನಿಂತವರಿಗೆ ತಣ್ಣೀರು ನಿಂತು ಬರೀ ಕುದಿನೀರು ಬೀಳುತ್ತದೆ.

ಈ ಲೈನಿಗೆ ಒಂದು ಇಂಚಿನ ಪೈಪ್ ಒಳ್ಳೆಯದು, ಮುಕ್ಕಾಲು ಇಂಚಿಗಿಂತ ಕಡಿಮೆ ಬೇಡ. ಬಾಯ್ಲರ್‌ನ ಬುಡಕ್ಕೆ ಸೇರಲಿ. ರಿಪೇರಿಗೆ ಒಂದು ಗೇಟ್ ವಾಲ್ವ್ ಬೇಕು. ಆದರೆ ಅದು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ, ಕೆಲಸ ಮುಗಿದ ಮೇಲೆ ಅದರ ಹಿಡಿ ಬಿಚ್ಚಿಡಿ. ಬೆಂಕಿ ಉರಿಯುವಾಗ ಅದು ಪೂರ್ತಿ ತೆರೆದಿರಬೇಕು. ಪ್ರತ್ಯೇಕ ಲೈನ್ ಇರುವಾಗ ಎನ್‌ಆರ್‌ವಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೂರು ಲೀಟರ್ ನೀರು 25 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಸುಮಾರು 2.5 ಲೀಟರ್ ಹಿಗ್ಗುತ್ತದೆ. ಆ ಹೆಚ್ಚಿನ ನೀರು ಇದೇ ಪೈಪಿನಲ್ಲಿ ಹಿಂದೆ ಸರಿದು ಟಾಕಿ ಸೇರಲಿ. ಏರ್ ಪೈಪ್ ಒಂದು ವೇಳೆ ಕಟ್ಟಿಕೊಂಡರೂ ಹಿಗ್ಗಿದ ನೀರಿಗೆ ಇನ್ನೊಂದು ದಾರಿ ಉಳಿಯುತ್ತದೆ.

ತಣ್ಣೀರು ಸೇರುವ ಜಾಗದಲ್ಲೇ, ಎಲ್ಲಕ್ಕಿಂತ ಕೆಳಗೆ, ಟೀ ಹಾಕಿ ಒಂದು ಡ್ರೇನ್ ನಳ ಬಿಡಿಸಿ. ಇದರ ಬೆಲೆ ಆಮೇಲೆ ಗೊತ್ತಾಗುತ್ತದೆ.

ಬಿಸಿನೀರಿನ ಲೈನ್

ಇಲ್ಲಿ ಶತ್ರು ಗಾಳಿ. ಕಾದ ನೀರಿನಿಂದ ಗುಳ್ಳೆಗಳು ಬಿಡುತ್ತವೆ. ಪೈಪ್ ಬಾಗಿಲ ಮೇಲಿಂದ ಏರಿ ಆಚೆ ಇಳಿದರೆ ಆ ಗುಡ್ಡದ ನೆತ್ತಿಯಲ್ಲಿ ಗಾಳಿ ಕೂತು ನೀರು ನಿಂತುಬಿಡುತ್ತದೆ. ಟಾಕಿಯ ಅಲ್ಪ ಒತ್ತಡ ಅದನ್ನು ತಳ್ಳಲಾರದು. 'ನಿನ್ನೆ ಬರ್ತಿತ್ತು, ಇವತ್ತು ಇಲ್ಲ' ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಆದ್ದರಿಂದ ಲೈನ್ ಒಂದೇ ದಿಕ್ಕಿಗೆ ಇಳಿಯುತ್ತ ಹೋಗಲಿ, ಇಲ್ಲ ಒಂದೇ ದಿಕ್ಕಿಗೆ ಏರುತ್ತ ಹೋಗಲಿ. ಗುಡ್ಡ ತಪ್ಪಿಸಲು ಆಗದಿದ್ದರೆ ಅದರ ನೆತ್ತಿಯಿಂದ ಇನ್ನೊಂದು ಅರ್ಧ ಇಂಚಿನ ಏರ್ ಪೈಪ್ ಎಬ್ಬಿಸಿ ಟಾಕಿಗಿಂತ ಮೇಲೆ ಬಿಡಿ. ಗೌಂಡಿ ಗೋಡೆ ಕೊರೆಯುವ ಮೊದಲೇ ಸೀಮೆಸುಣ್ಣದಲ್ಲಿ ಗೆರೆ ಹಾಕಿಸಿ, ನೀರಿನ ಟ್ಯೂಬ್ ಹಿಡಿದು ಇಳಿಜಾರು ನೋಡಿಕೊಳ್ಳಿ.

ಮುಖ್ಯ ಪೈಪ್ ಮುಕ್ಕಾಲು ಇಂಚು, ಪ್ರತಿ ನಳಕ್ಕೆ ಅರ್ಧ ಇಂಚು ಸಾಕು. ಎಲ್ಬೋ ಕಡಿಮೆ ಇದ್ದಷ್ಟು ಒಳ್ಳೆಯದು. ಬಾಯ್ಲರ್ ಹತ್ತಿರ ಮೂರೂ ಪೈಪ್‌ಗೆ ಒಂದೊಂದು ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಬಹುದಾದ ಜೋಡಣೆ) ಹಾಕಿಸಿ. ಮುಂದೆ ಬಾಯ್ಲರ್ ಬದಲಿಸುವಾಗ ಗೋಡೆ ಒಡೆಯೋದು ತಪ್ಪುತ್ತದೆ.

ಯಾವ ಪೈಪ್

ಬಿಳಿ, ಬೂದು ಬಣ್ಣದ ಮಾಮೂಲಿ ಪಿವಿಸಿ ಬಿಸಿನೀರಿಗೆ ಆಗಿಬರೋದಿಲ್ಲ. 60 ಡಿಗ್ರಿ ದಾಟಿದರೆ ಮೆತ್ತಗಾಗಿ ಜೋಲುತ್ತದೆ. ಬಿಸಿನೀರಿಗೆಂದೇ ಮಾಡಿದ ಪ್ಲಾಸ್ಟಿಕ್ ಪೈಪ್ ಸಿಪಿವಿಸಿ 93 ಡಿಗ್ರಿಯವರೆಗೆ ತಡೆಯುತ್ತದೆ ಅಂತ ಅದರ ರೇಟಿಂಗ್ ಇದೆ. ಗೀಸರ್‌ಗೆ ಅದು ಸಾಕು. ಆದರೆ ನಮ್ಮ ಎತ್ತರದಲ್ಲಿ ನೀರು 97-98 ಡಿಗ್ರಿಗೆ ಕುದಿಯುತ್ತದೆ, ಕಟ್ಟಿಗೆ ಬಾಯ್ಲರ್ ಅಲ್ಲಿಗೆ ಮುಟ್ಟುವುದು ಅಪರೂಪವೇನಲ್ಲ. ಅದಕ್ಕೆ ಏರ್ ಪೈಪ್ ಪೂರ್ತಿ ಜಿಐ (ಸತುವಿನ ಲೇಪದ ಕಬ್ಬಿಣ) ಇರಲಿ. ಬಿಸಿನೀರಿನ ಲೈನ್ ಬಾಯ್ಲರ್‌ನಿಂದ ಕನಿಷ್ಠ 5-6 ಅಡಿ ಲೋಹದ್ದಿರಲಿ, ಕೈಲಾದರೆ ಬಚ್ಚಲವರೆಗೂ. ಜಿಐ ತಗೊಳ್ಳುವಾಗ ನೀಲಿ ಪಟ್ಟಿಯ ಬಿ ಕ್ಲಾಸ್ ಕೇಳಿ. ಹಳದಿ ಪಟ್ಟಿಯದು ತೆಳು. ಒಳಗೆ ಸಿಪಿವಿಸಿ ಹಾಕಿದರೆ ದಪ್ಪದ ಎಸ್‌ಡಿಆರ್ 11 ತಗೊಳ್ಳಿ. ಹತ್ತು ಮೀಟರ್ ಸಿಪಿವಿಸಿ 50 ಡಿಗ್ರಿ ಕಾದರೆ 3 ಸೆಂ.ಮೀ.ಗೂ ಜಾಸ್ತಿ ಉದ್ದ ಆಗುತ್ತದೆ. ಕ್ಲಾಂಪ್ ಬಿಗಿಯಾಗಿ ಕಚ್ಚಿದರೆ ಜೋಡಣೆ ಬಿರಿಯುತ್ತದೆ, ಸರಿದಾಡಲು ಬಿಡಿ.

ಬಾಯ್ಲರ್ ತಾಮ್ರದ್ದಾಗಿದ್ದರೆ ಜಿಐ ಪೈಪನ್ನು ನೇರ ತಿರುಗಿಸಬೇಡಿ, ನಡುವೆ ಹಿತ್ತಾಳೆ ಫಿಟಿಂಗ್ ಬೇಕು. ಇಲ್ಲದಿದ್ದರೆ ಜಿಐ ಬೇಗ ತಿಂದುಹೋಗುತ್ತದೆ.

ಹೊರಗೆ ಹೋಗುವ ಬಿಸಿ ಪೈಪ್‌ಗೆ ಕಪ್ಪು ಫೋಮ್ ಸ್ಲೀವ್ ಹಾಕಿ. ಬಿಸಿಲಿಗೆ ಅದು ಪುಡಿಯಾಗುತ್ತದೆ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ.

ಪರೀಕ್ಷೆ ಮತ್ತು ಮೊದಲ ಬೆಂಕಿ

ಪ್ಲಾಸ್ಟರ್ ಮಾಡುವ ಮೊದಲು ಟಾಕಿ ತುಂಬಿಸಿ, ಬಿಸಿನೀರಿನ ನಳಗಳನ್ನು ತೆರೆದು ಗಾಳಿ ಹೋಗಲಾಡಿಸಿ, ಆಮೇಲೆ ಮುಚ್ಚಿ ಒಂದು ರಾತ್ರಿ ಬಿಡಿ. ಜೋಡಣೆಗಳ ಸುತ್ತ ಒಣ ಕಾಗದ ಒತ್ತಿ ನೋಡಿದರೆ ಸಣ್ಣ ಸೋರಿಕೆಯೂ ಸಿಗುತ್ತದೆ. ಏರ್ ಪೈಪ್ ತೆರೆದಿದೆಯೇ ಅಂತ ತಿಳಿಯಲು ಬಾಯ್ಲರ್‌ಗೆ ನೀರು ತುಂಬುವ ಮೊದಲೇ ಅದರ ತುದಿಯಿಂದ ಊದಿ, ಕೆಳಗೆ ಬಿಸಿನೀರಿನ ನಳ ತೆರೆದವರಿಗೆ ಗಾಳಿ ತಾಕಬೇಕು. ಇದನ್ನು ಬೆಂಕಿ ಹಾಕದಿರುವಾಗ ಮಾತ್ರ ಮಾಡಿ.

ಬೆಂಕಿ ಹಾಕುವ ಮೊದಲು ಪ್ರತಿ ಸಲವೂ ಬಿಸಿನೀರಿನ ನಳ ತಿರುವಿ ನೀರು ಬರುತ್ತದೆಯೇ ನೋಡಿ. ಬಂದರೆ ಬಾಯ್ಲರ್ ತುಂಬಿದೆ ಅಂತ ಅರ್ಥ. ಬರದಿದ್ದರೆ ಕಡ್ಡಿ ಗೀರಬೇಡಿ. ಮನೆಯಲ್ಲಿ ಅಜ್ಜಿಯಿಂದ ಹಿಡಿದು ಕೆಲಸಕ್ಕೆ ಬರುವವರವರೆಗೆ ಎಲ್ಲರಿಗೂ ಇದನ್ನು ಕಲಿಸಿ.

ಮೊದಲ ದಿನ ಸಣ್ಣ ಬೆಂಕಿ ಸಾಕು. ಒಳಗೆ ಗುಡುಗುಡು ಸದ್ದು ಬಂದರೆ ನೀರು ಕುದಿಯುತ್ತಿದೆ ಅಂತ. ಕಟ್ಟಿಗೆ ಹೊರಗೆ ಎಳೆಯಿರಿ. ದೂರ ನಿಂತು ಬಕೆಟ್‌ಗೆ ನಳ ತೆರೆಯಿರಿ. ನೀರು ಬಂದರೆ ಸ್ವಲ್ಪ ಹೊತ್ತು ಬಿಡಿ, ತಣ್ಣೀರು ಒಳಸೇರಿ ಕುದಿ ನಿಲ್ಲುತ್ತದೆ. ನೀರಿನ ಬದಲು ಬರೀ ಉಗಿ ಬಂದರೆ, ಇಲ್ಲವೇ ಏನೂ ಬರದಿದ್ದರೆ ನಳ ಮುಚ್ಚಿ, ಬೆಂಕಿ ತೆಗೆದು ಎಲ್ಲರೂ ದೂರ ಸರಿಯಿರಿ. ಪೂರ್ತಿ ಆರುವವರೆಗೆ ಹೊಸ ನೀರು ಬಿಡಬಾರದು. ಕೆಂಪಗೆ ಕಾದ ಖಾಲಿ ತಗಡಿಗೆ ತಣ್ಣೀರು ಬಿದ್ದರೆ ಒಮ್ಮೆಲೇ ಉಗಿಯಾಗುತ್ತದೆ.

ಮಕ್ಕಳಿರುವ ಮನೆಗೆ ಇನ್ನೊಂದು ಮಾತು. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಸುಡುತ್ತದೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿನೀರಿನ ನಳಕ್ಕೆ ಕೆಂಪು ಬಣ್ಣ ಬಳಿಯಿರಿ.

ಸೋಲಾರ್ ಜೊತೆ ಸೇರಿಸುವುದಾದರೆ

ಎರಡನ್ನೂ ಒಂದೇ ಲೈನಿಗೆ ಜೋಡಿಸಬಹುದು. ಸೋಲಾರ್‌ನಿಂದ ಬರುವ ಪೈಪ್‌ಗೆ ಒಂದು ವಾಲ್ವ್, ಬಾಯ್ಲರ್‌ನಿಂದ ಬರುವ ಪೈಪ್‌ಗೆ ಏರ್ ಪೈಪಿನ ಟೀ ದಾಟಿದ ಮೇಲೆ ಒಂದು ವಾಲ್ವ್. ಒಂದು ಸಲಕ್ಕೆ ಒಂದೇ ತೆರೆದಿರಲಿ. ಎರಡೂ ತೆರೆದರೆ ಒಂದರ ಬಿಸಿನೀರು ಇನ್ನೊಂದರ ತಣ್ಣೀರಿನ ಕಡೆ ತಿರುಗಿ ಶಾಖ ಕಳೆದುಹೋಗುತ್ತದೆ. ಸೋಲಾರ್‌ಗೆ ಅದರದೇ ಏರ್ ಪೈಪ್, ಬಾಯ್ಲರ್‌ಗೆ ಅದರದೇ. 'ಒಂದು ಇದೆಯಲ್ಲ, ಸಾಕು' ಅಂದರೆ ಕೇಳಬೇಡಿ. ವಾಲ್ವ್ ಮುಚ್ಚಿದ ತಕ್ಷಣ ಒಂದಕ್ಕೆ ದಾರಿಯೇ ಇರೋದಿಲ್ಲ.

ಸುಣ್ಣ ಮತ್ತು ಕೆಸರು

ಧಾರವಾಡ-ಹುಬ್ಬಳ್ಳಿಗೆ ಬರುವ ಮಲಪ್ರಭೆ ನೀರು ಅಷ್ಟಾಗಿ ಕಾಡೋದಿಲ್ಲ. ಗದಗ ಕಡೆಯ ಬೋರ್ ನೀರು ಗಡಸು. ನೀರು 60 ಡಿಗ್ರಿ ದಾಟಿದಂತೆ ಸುಣ್ಣ ಬೇಗ ಬೇಗ ಬಿಟ್ಟು ತಗಡಿಗೆ, ಪೈಪಿಗೆ ಅಂಟುತ್ತದೆ. ಮಳೆನೀರು ಸಂಗ್ರಹಿಸುವ ಮನೆಯಾದರೆ ಬಾಯ್ಲರ್‌ಗೆ ಅದನ್ನೇ ಕೊಡಿ, ಅದರಲ್ಲಿ ಸುಣ್ಣ ಇಲ್ಲ. ಬೋರ್ ನೀರೇ ಗತಿಯಾದರೆ ತಿಂಗಳಿಗೊಮ್ಮೆ, ಬಾಯ್ಲರ್ ತಣ್ಣಗಿರುವಾಗ, ಆ ಡ್ರೇನ್ ನಳ ತೆರೆದು ನೀರು ತಿಳಿಯಾಗುವವರೆಗೆ ಬಿಡಿ. ಪಾಯಖಾನೆ ತೊಳೆಯುವ ಆಸಿಡ್ ಒಳಗೆ ಸುರಿಯಬೇಡಿ, ಅದು ಸುಣ್ಣದ ಜೊತೆ ತಗಡನ್ನೂ ತಿನ್ನುತ್ತದೆ. ಬಾಯ್ಲರ್ ನೀರನ್ನು ಕುಡಿಯೋದಕ್ಕೆ, ಅಡುಗೆಗೆ ಬಳಸಬೇಡಿ. ಮುಂಡರಗಿ ಕಡೆಯ ಹಾಗೆ ಫ್ಲೋರೈಡ್ ಇರುವ ಊರಲ್ಲಿ ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾದಷ್ಟು ದಟ್ಟವಾಗುತ್ತದೆ.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ, ಏರ್ ಪೈಪಿನ ಬುಡದ ಯೂನಿಯನ್ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿ. ಸುಣ್ಣ ಕಟ್ಟಿ ದಾರಿ ಅರ್ಧಕ್ಕಿಂತ ಕಿರಿದಾಗಿದ್ದರೆ ಉಜ್ಜುತ್ತ ಕೂರಬೇಡಿ, ಆ ತುಂಡು ಪೈಪ್ ಬದಲಿಸಿ.